ಎರಡು ಮನೆಗೆ ಒಂದೇ ದಣಪೆ

ಮುರ್ಡೇಶ್ವರದ ಬಸ್ತಿಮಕ್ಕಿಯಲ್ಲಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಹೊರಳಿದರೆ ತೆಂಗಿನ ತೋಟಗಳ ನಡುವೆ ಒಂದು ಹಂಚಿನ ಮನೆ. ನಿವೃತ್ತ ಶಾಲಾ ಮಾಸ್ತರರೊಬ್ಬರದು. ಮಳೆ ಸ್ವಲ್ಪ ಹೊಳವಾದ ಮಧ್ಯಾಹ್ನ ಅವರ ಹಳೆಯ ವಿದ್ಯಾರ್ಥಿನಿ ಬಂದಿದ್ದಾಳೆ. ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಅವಳ ಕೆಲಸ. ಚೀಲದಲ್ಲಿ ಸ್ಕ್ರೂ ಡ್ರೈವರ್, ಮೂರು ಪೆನ್ ಡ್ರೈವ್, ಶಾಲೆಯ ಮಕ್ಕಳು ಬಳಸುವ ಒಂದು ರಬ್ಬರ್. ಜಗಲಿಯ ಮೇಜಿನ ಮುಂದೆ ನಡೆದ ಮಾತು ಇದು.

ಮಾಸ್ತರು: ಬಾ ತಂಗೀ. ಒದ್ದೆ ಕೊಡೆ ಅಲ್ಲೇ ಇಡು. ಆಸರಿಗೆ ಎಂತ ಕೊಡಲಿ?

ಶಿಷ್ಯೆ: ಆಸರಿಗೆ ಆಮೇಲೆ ಆಗ್ತದೆ ಮಾಸ್ತರೇ. ಮೊದಲು ಒಂದು ಹೇಳಿ. ಈ ಕಂಪ್ಯೂಟರನ್ನು ಯಾರಾದರೂ ಫಾರ್ಮ್ಯಾಟ್ ಮಾಡಿದ್ರಾ?

ಮಾಸ್ತರು: ಇಲ್ಲ. ಒಂದು ಅಂಗಡಿಗೆ ಹೊತ್ತುಕೊಂಡು ಹೋಗಿದ್ದೆ, ಹಾರ್ಡ್ ಡಿಸ್ಕ್ ಸತ್ತೇ ಹೋಗಿದೆ, ಹೊಸತು ಹಾಕಬೇಕು ಅಂದ್ರು. ನನ್ನ ತಂಗಿಯ ಮಗ ಬಂದು ನೋಡಿದ. ಡಿಸ್ಕ್ ಬದುಕಿದೆ, ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿದರೆ ಒಂದು ಗಂಟೆಯ ಕೆಲಸ ಅಂದ. ಇಬ್ಬರಿಗೂ ತಡೀರಿ ಅಂದೆ. ಒಳಗೆ ಎಂತ ಇದೆ ಅಂತ ನಿನಗೆ ಗೊತ್ತಿದೆಯಲ್ಲ.

ಶಿಷ್ಯೆ: ನಿಮ್ಮ ಶಬ್ದಗಳ ಪಟ್ಟಿ.

ಮಾಸ್ತರು: 2008ರಲ್ಲಿ ನಿವೃತ್ತಿಯ ದುಡ್ಡಿನಲ್ಲಿ ತಗೊಂಡ ಯಂತ್ರ. ಅಂದಿನಿಂದ ಒಂದೊಂದಾಗಿ ಕೂಡಿಸಿದ್ದು. ರಂಪಣಿ ಬಲೆಯ ಯಾವ ಭಾಗಕ್ಕೆ ಯಾವ ಹೆಸರು, ಗಜನಿಯಲ್ಲಿ ಕಗ್ಗ ಭತ್ತ ಬಿತ್ತುವಾಗ ಎಂತೆಂತ ಮಾತು, ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರು ನೀರಿನ ಏರಿಳಿತಕ್ಕೆ ಎಂತ ಹೇಳ್ತಾರೆ. ಹೇಳಿಕೊಟ್ಟವರಲ್ಲಿ ಬಹಳ ಜನ ಈಗ ಇಲ್ಲ. ಇನ್ನೊಮ್ಮೆ ಕೇಳಿ ಬರೆದುಕೊಳ್ಳುವ ಅಂದ್ರೆ ಯಾರ ಮನೆಗೆ ಹೋಗಲಿ?

ಶಿಷ್ಯೆ: ನೀವು ತಡೆದದ್ದು ಒಳ್ಳೇದಾಯ್ತು. ಕಂಪ್ಯೂಟರ್ ಏಳದೆ ಹೋದಾಗ ಒಳಗಿನ ಬರಹ ಬಹಳ ಸಲ ಇದ್ದಲ್ಲೇ ಇರ್ತದೆ ಮಾಸ್ತರೇ. ಅದು ಹೋಗುವುದು ಏಳಿಸಲಿಕ್ಕೆ ಬಂದವರ ಕೈಯಲ್ಲಿ. ಈ ಕೆಲಸಕ್ಕೆ ಬಂದ ಮೇಲೆ ನಾನು ಕಣ್ಣಾರೆ ಕಂಡದ್ದು ಇದನ್ನೇ. ಈಗ ಹೇಳಿ, ಇದೆಲ್ಲ ಶುರುವಾದದ್ದು ಹೇಗೆ?

ಮಾಸ್ತರು: ಸೋಮವಾರ ಬೆಳಿಗ್ಗೆ. ಸ್ವಿಚ್ ಹಾಕಿದೆ, ಕಪ್ಪು ಪರದೆ, ಅದರಲ್ಲಿ ಬಿಳಿ ಅಕ್ಷರ.

ಶಿಷ್ಯೆ: ಅದಕ್ಕಿಂತ ಹಿಂದೆ? ಒಂದು ತಿಂಗಳಿಂದ ಗಡಿಯಾರ ಏನಾದರೂ ತಪ್ಪು ತೋರಿಸ್ತಿತ್ತಾ?

ಮಾಸ್ತರು: ಗಡಿಯಾರವಾ? ಹೌದು. ಬೆಳಿಗ್ಗೆ ಹಾಕಿದರೆ ಅದು ನಿನ್ನೆ ರಾತ್ರಿಯಲ್ಲೇ ನಿಂತಿರ್ತಿತ್ತು. ನಾನು ಸರಿ ಮಾಡಿಕೊಂಡು ಬರೆಯಲಿಕ್ಕೆ ಕೂರ್ತಿದ್ದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಶಿಷ್ಯೆ: ರಾತ್ರಿ ಪ್ಲಗ್ ಕಿತ್ತಿಡ್ತೀರಾ?

ಮಾಸ್ತರು: ಗುಡುಗು ಮಿಂಚು ಶುರುವಾದ ಮೇಲೆ ದಿನಾ ಕಿತ್ತಿಡ್ತೇನೆ. ಹೋದ ವರ್ಷ ಪಕ್ಕದ ಮನೆಯ ಟೀವಿ ಸಿಡಿಲಿಗೆ ಸುಟ್ಟುಹೋಯ್ತು.

ಶಿಷ್ಯೆ: ಕಿತ್ತಿಡಬೇಕಾದದ್ದೇ. ಆದರೆ ನಿಮ್ಮ ಕಾಯಿಲೆಯ ಮೂಲ ಅಲ್ಲೇ ಇದೆ. ಇಲ್ಲಿ ನೋಡಿ, ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದ ಹಾಗೆ ಒಂದು ಸೆಲ್. ಇದರ ಹೆಸರು ಸಿಆರ್ 2032. ಅಡ್ಡಗಲ 20 ಮಿಲಿಮೀಟರ್, ದಪ್ಪ 3.2, ಹೆಸರಿನಲ್ಲೇ ಅಳತೆ ಇದೆ. 3 ವೋಲ್ಟಿನದು. ಕಂಪ್ಯೂಟರ್ ಆರಿಸಿದಾಗಲೂ ಗಡಿಯಾರ ನಡೆಸುವುದು, ಯಂತ್ರವನ್ನು ಮೊದಲು ಎಬ್ಬಿಸುವ ಬಯಾಸ್‌ನಲ್ಲಿ ಮಾಡಿಟ್ಟ ಆಯ್ಕೆಗಳನ್ನು ನೆನಪಿಡುವುದು ಇದರ ಕೆಲಸ. ಪ್ಲಗ್ ಹಾಕಿಯೇ ಇದ್ದರೆ, ಆರಿಸಿದ ಯಂತ್ರಕ್ಕೂ ಕರೆಂಟು ಹಂಚುವ ಡಬ್ಬಿ, ಎಸ್‌ಎಂಪಿಎಸ್, ಒಂದಿಷ್ಟು ಕರೆಂಟು ಕೊಡ್ತಾ ಇರ್ತದೆ. ಆಗ ಸೆಲ್ ಬತ್ತಿದ್ದು ತಿಳಿಯುವುದೇ ಇಲ್ಲ. ಮಳೆಗಾಲದಲ್ಲಿ ಪ್ಲಗ್ ಕಿತ್ತ ಮೇಲೆ ಪೂರಾ ಭಾರ ಸೆಲ್ಲಿನ ಮೇಲೆ. ಮೊದಮೊದಲು ಗಡಿಯಾರ ನಿಲ್ತದೆ. ಪೂರ್ತಿ ಬತ್ತಿದ ದಿನ ಉಳಿದ ನೆನಪೂ ಹೋಗ್ತದೆ. ನಿಮಗೆ ಅದು ಸೋಮವಾರ ಆಯ್ತು. ಬಿಳಿ ಅಕ್ಷರದಲ್ಲಿ ಎಂತ ಬರೆದಿತ್ತು?

ಮಾಸ್ತರು: ಮೊಮ್ಮಗಳು ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದಾಳೆ, ತಗೋ.

ಶಿಷ್ಯೆ: ಅವಳಿಗೆ ನನ್ನ ಕಡೆಯಿಂದ ಒಂದು ಚಾಕಲೇಟು. ಎಷ್ಟು ಜನರಿಗೆ ಹೇಳಿದ್ದೇನೆ, ಪರದೆಯ ಮೇಲೆ ಎಂತ ಬಂದರೂ ಫೋಟೋ ತೆಗೀರಿ ಅಂತ. ಎಲ್ಲರೂ ಹೇಳುವುದು ‘ಏನೋ ಇಂಗ್ಲಿಷಿನಲ್ಲಿ ಬಂತು’ ಅಂತ ಅಷ್ಟೇ. ಇದೋ ನೋಡಿ, ‘ಸೀಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’. ಅಂದರೆ, ಇಟ್ಟುಕೊಂಡ ನೆನಪಿನ ಲೆಕ್ಕ ತಾಳೆ ಆಗ್ಲಿಲ್ಲ, ಕಾರ್ಖಾನೆಯಿಂದ ಬಂದಾಗ ಇದ್ದ ಆಯ್ಕೆಗಳಿಗೇ ಮರಳಿದ್ದೇನೆ ಅಂತ. ನೀವು ಎಫ್1 ಒತ್ತಿದ್ದೀರಿ. ಆಮೇಲೆ ಎರಡು ಹೆಸರಿನ ಪಟ್ಟಿ ಬಂದಿದೆ.

ಮಾಸ್ತರು: ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್. 2014ರಲ್ಲಿ ನೀನೇ ಹಾಕಿಕೊಟ್ಟದ್ದಲ್ಲ.

ಶಿಷ್ಯೆ: ಆ ವರ್ಷ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟಿನವರು ದುರಸ್ತಿ ಕೊಡುವುದನ್ನು ನಿಲ್ಲಿಸಿದ್ದು. ಇಂಟರ್ನೆಟ್ಟಿಗೆ ಲಿನಕ್ಸ್, ಕನ್ನಡ ಬರೆಯುವ ‘ನುಡಿ’ ತಂತ್ರಾಂಶಕ್ಕೆ ಎಕ್ಸ್‌ಪಿ ಅಂತ ನಾವು ಪಾಲು ಮಾಡಿಕೊಂಡಿದ್ದೆವು. ನೀವು ಸೋಮವಾರ ಯಾವುದನ್ನು ಆರಿಸಿದಿರಿ?

ಮಾಸ್ತರು: ವಿಂಡೋಸ್. ಬರೆಯುವುದಿತ್ತು. ನೀಲಿ ಬಣ್ಣ ಒಮ್ಮೆ ಮಿಂಚಿ ಮಾಯ ಆಯ್ತು, ಮತ್ತೆ ಮೊದಲಿಂದ ಶುರು. ಹತ್ತು ಸಲ ಹೀಗೇ.

ಶಿಷ್ಯೆ: ಅವತ್ತು ಲಿನಕ್ಸ್ ಆರಿಸಿದ್ದರೆ ಅದು ಎದ್ದು ಕೂರ್ತಿತ್ತು ಮಾಸ್ತರೇ.

ಮಾಸ್ತರು: ಹೌದಾ! ಒಂದು ಸತ್ತು ಇನ್ನೊಂದು ಬದುಕುವುದು ಹೇಗೆ? ಡಿಸ್ಕ್ ಒಂದೇ ಅಲ್ದಾ?

ಶಿಷ್ಯೆ: ವಿಡಿಯೊ ನಿಲ್ಲಿಸಿ ನೀಲಿ ಪರದೆ ಓದುವ. ಕೆಳಗೆ ಸೊನ್ನೆಗಳ ಸಾಲು, ಕೊನೆಗೆ 7ಬಿ. ಎಕ್ಸ್‌ಪಿ ಏಳಲಿಕ್ಕೆ ಶುರು ಮಾಡಿದೆ, ಆದರೆ ಅರ್ಧ ದಾರಿಯಲ್ಲಿ ತನ್ನ ಡಿಸ್ಕೇ ಅದಕ್ಕೆ ಕಾಣಿಸ್ತಾ ಇಲ್ಲ ಅಂತ ಇದರ ಅರ್ಥ. ನಿಮ್ಮ ಬಯಾಸ್‌ಗೆ ಡಿಸ್ಕಿನ ಜೊತೆ ಮಾತಾಡಲಿಕ್ಕೆ ಎರಡು ರೀತಿ ಗೊತ್ತು. ಹಳೆಯದು ಐಡಿಇ, ಹೊಸದು ಎಎಚ್‌ಸಿಐ. ಎಕ್ಸ್‌ಪಿ ಬಂದದ್ದು 2001ರಲ್ಲಿ, ಅದಕ್ಕೆ ತಾನಾಗಿ ಎಎಚ್‌ಸಿಐ ಬರೋದಿಲ್ಲ. ಹಾಗಾಗಿ 2008ರಲ್ಲಿ ಎಕ್ಸ್‌ಪಿ ಹಾಕಿದವರು ಬಯಾಸ್‌ನಲ್ಲಿ ಐಡಿಇ ಮಾಡಿಟ್ಟು ಹಾಕಿದ್ರು. ಆ ಆಯ್ಕೆ ಈ ಸೆಲ್ಲಿನ ಜೀವದಲ್ಲಿತ್ತು. ಸೆಲ್ ಸತ್ತಿತು, ಆಯ್ಕೆ ಕಾರ್ಖಾನೆಯ ಎಎಚ್‌ಸಿಐಗೆ ಹೋಯ್ತು, ಎಕ್ಸ್‌ಪಿ ಕುರುಡಾಯ್ತು. ಲಿನಕ್ಸಿಗೆ ಎರಡೂ ರೀತಿ ಗೊತ್ತು, ಅದಕ್ಕೆ ಎಂತ ತೊಂದರೆಯೂ ಇರಲಿಲ್ಲ.

ಮಾಸ್ತರು: ಅಂಗಡಿಯವರು ಡಿಸ್ಕ್ ಸತ್ತಿದೆ ಅಂದದ್ದು?

ಶಿಷ್ಯೆ: ಅವರು ಎಕ್ಸ್‌ಪಿ ಸಿಡಿ ಹಾಕಿ ನೋಡಿರಬೇಕು. ಸಿಡಿಯಲ್ಲಿರುವುದೂ ಅದೇ ಎಕ್ಸ್‌ಪಿ. ಅದೂ ‘ಹಾರ್ಡ್ ಡಿಸ್ಕ್ ಯಾವುದೂ ಸಿಗಲಿಲ್ಲ’ ಅಂತ ಹೇಳಿರ್ತದೆ. ಅದನ್ನು ನಂಬಿ ಡಿಸ್ಕಿಗೆ ಸಾವು ಬರೆದ್ರು. ಬಯಾಸ್ ಪರದೆಯನ್ನು ತೆರೆದು ನೋಡಿದ್ದರೆ ಡಿಸ್ಕಿನ ಹೆಸರು, 160 ಜಿಬಿ ಅಂತ ಅಳತೆ, ಎಲ್ಲ ಅಲ್ಲೇ ಕಾಣಿಸ್ತಿತ್ತು. ಬಯಾಸ್‌ಗೆ ಕಂಡದ್ದು ಸಿಡಿಗೆ ಕಾಣಲಿಲ್ಲ ಅಂದ ಕೂಡಲೇ ಸಂಶಯ ಬರಬೇಕು. ಅಂಗಡಿಯಲ್ಲಿ ಸಾಲು ಕಾಯ್ತಾ ಇರುವಾಗ ಒಂದು ನಿಮಿಷದ ಈ ಪರೀಕ್ಷೆ ಬಿಟ್ಟುಹೋಗ್ತದೆ. ಅದರ ಬೆಲೆ ಕೊಡುವುದು ಯಂತ್ರದ ಒಡೆಯ.

ಮಾಸ್ತರು: ತಂಗಿಯ ಮಗ ಬಂದ ಮೇಲೆ ಆ ಎರಡು ಹೆಸರಿನ ಪಟ್ಟಿಯೂ ಹೋಯ್ತು. ಈಗ ಸೀದಾ ನೀಲಿ ಪರದೆ.

ಶಿಷ್ಯೆ: ಅವನು ವಿಂಡೋಸ್ 7ರ ಡಿವಿಡಿ ಹಾಕಿ ‘ಫಿಕ್ಸ್ ಎಂಬಿಆರ್’ ಅಂತ ಕೊಟ್ಟನಾ?

ಮಾಸ್ತರು: ಎಂತದೋ ಫಿಕ್ಸ್ ಅಂತ ಬರೆದ, ನೋಡಿದ್ದೇನೆ. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು.

ಶಿಷ್ಯೆ: ಮನಸ್ಸು ಒಳ್ಳೆಯದೇ. ಆದರೆ ಕೆಟ್ಟದ್ದು ಯಾವುದು ಅಂತ ನೋಡದೆ ಸರಿ ಇದ್ದದ್ದನ್ನು ಅಳಿಸಿದ. ಡಿಸ್ಕಿನ ಮೊಟ್ಟಮೊದಲ ತುಂಡಿಗೇ ಎಂಬಿಆರ್ ಅನ್ನುವುದು, ಅದು 512 ಬೈಟ್‌ನದು. ಅದರಲ್ಲಿ 446 ಬೈಟು ಕಂಪ್ಯೂಟರನ್ನು ಏಳಿಸುವ ಸಣ್ಣ ಪ್ರೋಗ್ರಾಮಿಗೆ, 64 ಬೈಟು ಡಿಸ್ಕಿನ ಭಾಗಗಳ ನಕ್ಷೆಗೆ, ಕೊನೆಯ 2 ಬೈಟು ಗುರುತಿಗೆ.

ಮಾಸ್ತರು: 446, 64, 2. ಲೆಕ್ಕ ಸರಿ ಇದೆ.

ಶಿಷ್ಯೆ: ಒಂದು ಭಾಗದ ವಿವರಕ್ಕೆ 16 ಬೈಟು. ಅದಕ್ಕೇ ಹಳೆಯ ಡಿಸ್ಕಿನಲ್ಲಿ ಮುಖ್ಯ ಭಾಗಗಳು 4 ಮಾತ್ರ ಆಗ್ತವೆ. ಆ 446 ಬೈಟಿನ ಜಾಗದಲ್ಲಿ ನಾನು ಲಿನಕ್ಸ್ ಹಾಕಿದಾಗ ಗ್ರಬ್ ಕೂತಿತ್ತು. ಅದೇ ಎರಡು ಹೆಸರು ತೋರಿಸಿ ಯಾವ ಕಡೆ ಅಂತ ಕೇಳ್ತಿದ್ದದ್ದು. ಜಾಗ ಒಂದೇ, ಒಬ್ಬರು ಕೂರಬಹುದು. ಹುಡುಗ ಕೊಟ್ಟ ಆಜ್ಞೆ ಅಲ್ಲಿ ವಿಂಡೋಸಿನದನ್ನು ಬರೆಯಿತು. ವಿಂಡೋಸಿನದ್ದಕ್ಕೆ ಲಿನಕ್ಸಿನ ದಾರಿ ಗೊತ್ತಿಲ್ಲ.

ಮಾಸ್ತರು: ನನಗೆ ಅರ್ಥ ಆಗುವ ಹಾಗೆ ನಾನೇ ಹೇಳ್ತೇನೆ ತಡಿ. ಅಣ್ಣ ತಮ್ಮಂದಿರ ಎರಡು ಮನೆ, ಹಿತ್ತಲು ಒಂದೇ, ದಾರಿಗೆ ಬೇಲಿಯಲ್ಲಿ ಒಂದೇ ದಣಪೆ. ದಣಪೆ ಇಟ್ಟವನು ಎರಡೂ ಮನೆಗೆ ದಾರಿ ಬಿಟ್ಟಿದ್ದ. ಇನ್ನೊಬ್ಬ ಬಂದು ಅದನ್ನು ಕಿತ್ತು ತನ್ನ ದಣಪೆ ಇಟ್ಟ, ಅದು ಒಂದೇ ಮನೆಯ ಅಂಗಳಕ್ಕೆ ತೆರೀತದೆ. ಇನ್ನೊಂದು ಮನೆ ಬಿದ್ದಿಲ್ಲ. ಹೋಗಲಿಕ್ಕೆ ದಾರಿ ಇಲ್ಲ ಅಷ್ಟೇ.

ಶಿಷ್ಯೆ: ಇದಕ್ಕಿಂತ ಚಂದ ನನಗೆ ಹೇಳಲಿಕ್ಕೆ ಬರೋದಿಲ್ಲ. ನಿಮ್ಮ ಮಾತಿನಲ್ಲೇ ಹೊನ್ನಾವರದ ಒಂದು ಮನೆಯ ಕಥೆ ಹೇಳ್ತೇನೆ. ಅವರದ್ದೂ ಎರಡು ವ್ಯವಸ್ಥೆಯ ಯಂತ್ರ. ಜಾಗ ಸಾಲ್ತಾ ಇಲ್ಲ ಅಂತ ವಿಂಡೋಸಿನೊಳಗೆ ಕೂತು ಡಿಸ್ಕಿನ ಭಾಗಗಳನ್ನು ನೋಡಿದ್ರು. ಲಿನಕ್ಸಿನ ಭಾಗಕ್ಕೆ ವಿಂಡೋಸ್ ಹೆಸರು ಕೊಡೋದಿಲ್ಲ, ಸಿ, ಡಿ ಅಂತ ಅಕ್ಷರವೂ ಇಲ್ಲ. ಇದು ಖಾಲಿ ಬಿದ್ದ ಜಾಗ ಅಂತ ಅಳಿಸಿದ್ರು. ಅವತ್ತು ಎಂತದೂ ಆಗ್ಲಿಲ್ಲ. ಮರುದಿನ ಹಾಕಿದರೆ ‘ಗ್ರಬ್ ರೆಸ್ಕ್ಯೂ’ ಅಂತ ಒಂದೇ ಸಾಲು.

ಮಾಸ್ತರು: ದಣಪೆ ಇದೆ, ಅದನ್ನು ಕಾಯುವವನು ಇದ್ದ ಮನೆ ಕಿತ್ತುಹಾಕಿದ್ರು.

ಶಿಷ್ಯೆ: ಹೌದು. ಗ್ರಬ್‌ನ ಒಂದು ತುಣುಕು ಆ ಮೊದಲ ಜಾಗದಲ್ಲಿ, ಇನ್ನೊಂದು ಅದರ ಬೆನ್ನಿಗೇ ಇರುವ ಖಾಲಿ ಸೆಕ್ಟರ್‌ಗಳಲ್ಲಿ, ಉಳಿದದ್ದೆಲ್ಲ ಲಿನಕ್ಸಿನ ಭಾಗದೊಳಗೆ. ಆ ಭಾಗ ಅಳಿಸಿದರೆ ಮುಂದಿನ ಹೆಜ್ಜೆ ಇಲ್ಲ. ಅವರಿಗೆ ವಿಂಡೋಸಿನ ದಣಪೆ ಇಟ್ಟುಕೊಟ್ಟೆ, ಅಲ್ಲಿ ‘ಫಿಕ್ಸ್ ಎಂಬಿಆರ್’ ಸರಿಯಾದ ಮದ್ದು. ನಿಮ್ಮಲ್ಲಿ ತಪ್ಪು ಮದ್ದು. ಆಜ್ಞೆ ಅದೇ, ಕಾಯಿಲೆ ಬೇರೆ.

ಮಾಸ್ತರು: ಹಾಗಾದರೆ ಪರದೆಯ ಮಾತನ್ನು ಓದಲಿಕ್ಕೆ ಕಲೀಬೇಕು.

ಶಿಷ್ಯೆ: ಅದೇ ಅರ್ಧ ಕೆಲಸ. ಯಂತ್ರ ಎಲ್ಲಿಯವರೆಗೆ ನಡೆದುಬಂತು ಅಂತ ಅದು ಹೇಳ್ತದೆ. ಸ್ವಿಚ್ ಹಾಕಿದರೆ ಫ್ಯಾನೂ ತಿರುಗದಿದ್ದರೆ ಕರೆಂಟಿನ ಮಾತು, ಎಸ್‌ಎಂಪಿಎಸ್ ನೋಡಬೇಕು. ಫ್ಯಾನ್ ತಿರುಗಿ ಬೀಪ್ ಬೀಪ್ ಅಂತ ಕೂಗಿ ಪರದೆ ಕಪ್ಪಾಗಿಯೇ ಇದ್ದರೆ ಮೊದಲ ಸಂಶಯ ರ‍್ಯಾಮ್ ಮೇಲೆ. ನಮ್ಮ ಈ ಕರಾವಳಿಯಲ್ಲಿ ಅದು ಬಹಳ. ಸಮುದ್ರದ ಉಪ್ಪುಗಾಳಿ, ಮಳೆಗಾಲದ ತೇವ, ರ‍್ಯಾಮ್‌ನ ತುದಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಮಸಿ ಕೂರ್ತದೆ. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಈ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಸಾಕು. ಜೂನ್, ಜುಲೈನಲ್ಲಿ ನನ್ನ ಹತ್ತಿರ ಬರುವ ಎಷ್ಟೋ ಯಂತ್ರಗಳಿಗೆ ಇಷ್ಟೇ ಔಷಧಿ. ಸುರತ್ಕಲ್ಲಿನಿಂದ ಕಾರವಾರದವರೆಗೆ ಸಮುದ್ರದ ಬದಿಯ ಮನೆಗಳಲ್ಲಿ ಒಂದು ರಬ್ಬರ್ ಇಟ್ಟುಕೊಳ್ಳಬೇಕು.

ಮಾಸ್ತರು: ಬೋರ್ಡಿನ ಮೇಲೆ ಈ ಸಣ್ಣ ಡಬ್ಬಿಗಳು?

ಶಿಷ್ಯೆ: ಕೆಪಾಸಿಟರ್. ತಲೆ ಚಪ್ಪಟೆ ಇದ್ದರೆ ಸರಿ. ಉಬ್ಬಿದ್ದರೆ, ಕಂದು ರಸ ಸುರಿದಿದ್ದರೆ ಬೋರ್ಡಿನ ಆಯುಸ್ಸು ಮುಗೀತಾ ಬಂತು. 2000ದ ಆಚೀಚೆ ತಯಾರಾದ ಬೋರ್ಡುಗಳಲ್ಲಿ ಆ ರೋಗ ಜಗತ್ತಿನ ತುಂಬಾ ಇತ್ತು. ನಿಮ್ಮದು ಚಪ್ಪಟೆಯಾಗಿಯೇ ಇದೆ. ಇನ್ನು ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಅಂತ ಬಂದರೆ ಎಕ್ಸ್‌ಪಿಯ ಮೊದಲ ಕಡತ ಸಿಗಲಿಲ್ಲ ಅಂತ. ಹೆದರುವ ಮೊದಲು ಹಿಂದೆ ಮುಂದೆ ನೋಡಿ, ಪೆನ್ ಡ್ರೈವ್ ಚುಚ್ಚಿಯೇ ಬಿಟ್ಟಿದ್ದೀರಾ ಅಂತ. ಯಂತ್ರ ಪೆನ್ ಡ್ರೈವಿನಿಂದ ಏಳಲಿಕ್ಕೆ ಹೋಗಿ ಹಾಗೆ ಹೇಳಿರಬಹುದು. ಡಿಸ್ಕಿನೊಳಗಿಂದ ಟಿಕ್ ಟಿಕ್ ಅಂತ ಬಡಿದ ಶಬ್ದ ಬಂದರೆ ಮಾತ್ರ ಎಂತದೂ ಮಾಡಬಾರದು. ಕೂಡಲೇ ಆರಿಸಬೇಕು. ಅದು ನಿಜವಾಗಿ ಸಾಯ್ತಾ ಇರುವ ಡಿಸ್ಕ್. ಪ್ರತಿ ಸಲ ಹಾಕಿ ನೋಡಿದಾಗಲೂ ಒಂದಿಷ್ಟು ಅಕ್ಷರ ಹೋಗ್ತಾ ಇರ್ತದೆ.

ಮಾಸ್ತರು: ನನ್ನದರಲ್ಲಿ ಅಂಥ ಶಬ್ದ ಇಲ್ಲ. ಹಾಗಾದರೆ ಈಗ ಸೆಲ್ ಹಾಕಿ, ಐಡಿಇ ಮಾಡಿ, ದಣಪೆ ಇಟ್ಟರೆ ಆಯ್ತಲ್ಲ.

ಶಿಷ್ಯೆ: ಅದೆಲ್ಲ ಆಮೇಲೆ. ಮೊದಲು ನಕಲು. ಈ ಪೆನ್ ಡ್ರೈವಿನಲ್ಲಿ ಇಡೀ ಲಿನಕ್ಸ್ ಇದೆ, ಡಿಸ್ಕನ್ನು ಮುಟ್ಟದೆ ಇದರಿಂದಲೇ ಯಂತ್ರ ಏಳ್ತದೆ. ನಿಮ್ಮ ಬಯಾಸ್‌ನಲ್ಲಿ ಪೆನ್ ಡ್ರೈವಿನ ಹೆಸರು ಯುಎಸ್‌ಬಿ ಅಂತ ಸಿಗೋದಿಲ್ಲ, ಹಾರ್ಡ್ ಡಿಸ್ಕುಗಳ ಪಟ್ಟಿಯೊಳಗೆ ಎರಡನೆಯದಾಗಿ ಅಡಗಿರ್ತದೆ. ಆ ಕಾಲದ ಬೋರ್ಡುಗಳಲ್ಲಿ ಹೀಗೆ. ಅದನ್ನು ಮೇಲೆ ತಂದೆ, ನೋಡಿ. ಎದ್ದಿತು.

ಮಾಸ್ತರು: ಡಿಸ್ಕ್ ಕಾಣಿಸ್ತದಾ?

ಶಿಷ್ಯೆ: ಕಾಣಿಸ್ತದೆ. ಡಿಸ್ಕೇ ತನ್ನ ಆರೋಗ್ಯದ ಲೆಕ್ಕ ಬರೆದಿಟ್ಟುಕೊಳ್ತದೆ, ಸ್ಮಾರ್ಟ್ ಅಂತ ಅದರ ಹೆಸರು. ಹಾಳಾಗಿ ಬದಲಾಯಿಸಿದ ಸೆಕ್ಟರ್‌ಗಳು ಸೊನ್ನೆ. ಇದಕ್ಕೆ ಎಂತದೂ ಆಗಿಲ್ಲ ಮಾಸ್ತರೇ. ಡಿ ಡ್ರೈವ್ ತೆರೀತೇನೆ. ‘ಶಬ್ದಸಂಗ್ರಹ’ ಅಂತ ಇದೆಯಲ್ಲ, ಇದೇನಾ?

ಮಾಸ್ತರು: ಇದೇ. ಇದೇ ತಂಗೀ. ಅದರೊಳಗೆ ‘ಮೀನು’, ‘ಗಾಳಿ’, ‘ಗದ್ದೆ’, ‘ದೋಣಿ’. ನಾಲ್ಕೂ ಇವೆ.

ಶಿಷ್ಯೆ: ನಕಲಾಗಲಿ. ಅಷ್ಟರಲ್ಲಿ ಆಸರಿಗೆ ತನ್ನಿ.

ಮಾಸ್ತರು: ಮುರುಗಲು ಪಾನಕ ಇದೆ. ತಗೋ. ಈ ಹತ್ತು ನಿಮಿಷದ ಕೆಲಸವನ್ನು ಯಾರೂ ಮೊದಲು ಮಾಡೋದಿಲ್ಲ ಎಂತಕ್ಕೆ?

ಶಿಷ್ಯೆ: ಅಂಗಡಿಗೆ ಬಂದವರು ‘ಕಂಪ್ಯೂಟರ್ ಸರಿ ಮಾಡಿಕೊಡಿ’ ಅಂತಾರೆ, ‘ಒಳಗಿನದನ್ನು ಉಳಿಸಿಕೊಡಿ’ ಅನ್ನೋದಿಲ್ಲ. ಫಾರ್ಮ್ಯಾಟ್ ಮಾಡಿದರೆ ಯಂತ್ರ ಸರಿಯಾಗ್ತದೆ, ಅದು ನಿಜ. ಕೇಳಿದ್ದನ್ನು ಕೊಟ್ಟ ಹಾಗೂ ಆಯ್ತು. ಸ್ಥಳೀಯ ಪತ್ರಿಕೆಗೆ ಬರೆದ ಲೇಖನ, ಯಕ್ಷಗಾನ ಮೇಳದ ಲೆಕ್ಕ, ಮಗಳ ಮದುವೆಯ ಫೋಟೋ ಎಷ್ಟು ಹೀಗೆ ಹೋಗಿವೆಯೋ. ಗ್ರಾಹಕರು ಬಾಯಿಬಿಟ್ಟು ಕೇಳಬೇಕು, ರಿಪೇರಿಯವರು ಕೇಳದೆಯೇ ಮಾಡಬೇಕು. ನನ್ನ ಅಭಿಪ್ರಾಯ ಇದು, ಇದರಲ್ಲಿ ನಾನು ರಾಜಿ ಮಾಡಿಕೊಳ್ಳೋದಿಲ್ಲ.

ಮಾಸ್ತರು: ನಕಲು ಮುಗೀತು ಅಂತ ತೋರಿಸ್ತಾ ಇದೆ.

ಶಿಷ್ಯೆ: ಇನ್ನೊಂದು ಪೆನ್ ಡ್ರೈವಿಗೂ ಹಾಕ್ತೇನೆ. ಆಯ್ತು. ಈಗ ಯಂತ್ರ ಆರಿಸಿ, ಪ್ಲಗ್ ಕಿತ್ತು, ಸೆಲ್ ಬದಲು. ಬಯಾಸ್‌ನಲ್ಲಿ ತಾರೀಕು, ಸಮಯ, ಡಿಸ್ಕಿನ ರೀತಿ ಐಡಿಇ. ಉಳಿಸಿ ಹೊರಗೆ ಬಂದೆ. ನೋಡಿ.

ಮಾಸ್ತರು: ಎಕ್ಸ್‌ಪಿ! ಅದೇ ಹಸಿರು ಗುಡ್ಡದ ಚಿತ್ರ. ಒಂದು ಸೆಲ್ಲಿಗೆ ಇಷ್ಟೆಲ್ಲ ಆಯ್ತಾ?

ಶಿಷ್ಯೆ: ಈಗ ಲಿನಕ್ಸಿನ ದಾರಿ. ಮತ್ತೆ ಪೆನ್ ಡ್ರೈವಿನಿಂದ ಏಳಿಸ್ತೇನೆ. ಡಿಸ್ಕಿನಲ್ಲಿರುವ ಲಿನಕ್ಸಿನ ಭಾಗವನ್ನು ತೆರೆದು, ಅದರೊಳಗಿಂದ ‘ಗ್ರಬ್ ಇನ್‌ಸ್ಟಾಲ್’ ಅಂತ ಹೇಳಬೇಕು. ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಡಿಸ್ಕಿನ ಹೆಸರು ‘ಎಸ್‌ಡಿಎ’ ಅಂತ ಇದ್ದರೆ ಅಷ್ಟನ್ನೇ ಕೊಡಬೇಕು. ಮುಂದೆ 1, 5 ಅಂತ ಅಂಕಿ ಸೇರಿಸಿದರೆ ಅದು ಡಿಸ್ಕಿನ ಒಂದು ಭಾಗದ ಹೆಸರಾಗ್ತದೆ, ದಣಪೆ ದಾರಿಯ ಬಾಯಲ್ಲಿ ಕೂರುವ ಬದಲು ಹಿತ್ತಲೊಳಗೆ ಕೂರ್ತದೆ. ಇನ್ನೊಂದು, ಪೆನ್ ಡ್ರೈವಿನಿಂದ ಎದ್ದಾಗ ಪೆನ್ ಡ್ರೈವೇ ‘ಎಸ್‌ಡಿಎ’ ಆಗಿ, ಡಿಸ್ಕ್ ‘ಎಸ್‌ಡಿಬಿ’ ಆಗಿರಬಹುದು. ಹೆಸರನ್ನು ನಂಬದೆ ಅಳತೆ ನೋಡಬೇಕು. 160 ಜಿಬಿ ಯಾವುದೋ ಅದು ನಿಮ್ಮದು, 16 ಜಿಬಿ ನನ್ನದು. ಹಾಕಿದೆ, ಪಟ್ಟಿಯನ್ನೂ ಹೊಸತಾಗಿ ಬರೆಸಿದೆ. ಈಗ ಪೆನ್ ಡ್ರೈವ್ ಕಿತ್ತು ಹಾಕಿ ನೋಡುವ.

ಮಾಸ್ತರು: ಪಟ್ಟಿ ಬಂತು. ಆದರೆ ತಂಗೀ, ವಿಂಡೋಸಿನ ಹೆಸರೇ ಇಲ್ಲವಲ್ಲ! ಈಗಷ್ಟೇ ನೋಡಿದ್ದಲ್ದಾ?

ಶಿಷ್ಯೆ: ಹೆದರಬೇಡಿ, ಅದು ಇದ್ದಲ್ಲೇ ಇದೆ. ಪಟ್ಟಿ ಹೊಸತಾಗಿ ಬರೆದಾಗ ಅದು ಬಿಟ್ಟುಹೋಯ್ತು. ಮೊದಲೆಲ್ಲ ಗ್ರಬ್ ತಾನಾಗಿ ಬೇರೆ ವ್ಯವಸ್ಥೆಗಳನ್ನು ಹುಡುಕಿ ಪಟ್ಟಿಗೆ ಸೇರಿಸ್ತಿತ್ತು. 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ, ಸುರಕ್ಷತೆಯ ಕಾರಣಕ್ಕೆ, ಆ ಹುಡುಕುವ ಕೆಲಸವನ್ನು ನಿಲ್ಲಿಸಿಟ್ಟಿದ್ದಾರೆ. ಬೇಕಾದವರು ಒಂದು ಸಾಲು ಬರೆದು ಚಾಲು ಮಾಡಬೇಕು. ಈ ಒಂದು ಸಾಲು ಗೊತ್ತಿಲ್ಲದೆ ವಿಂಡೋಸ್ ಅಳಿಸಿಹೋಯ್ತು ಅಂತ ತಿಳಿದು ಮತ್ತೆ ಹಾಕಿದವರಿದ್ದಾರೆ. ಬರೆದೆ, ಪಟ್ಟಿ ಮತ್ತೆ ಮಾಡಿಸಿದೆ. ನೋಡಿ, ಮೇಲೆ ಲಿನಕ್ಸ್, ಕೆಳಗೆ ವಿಂಡೋಸ್.

ಮಾಸ್ತರು: ಸೋಮವಾರಕ್ಕಿಂತ ಮೊದಲು ಇದ್ದ ಹಾಗೇ ಆಯ್ತು.

ಶಿಷ್ಯೆ: ಇನ್ನು ಮುಂದೆ ಗಡಿಯಾರದ ಮೇಲೆ ಒಂದು ಕಣ್ಣಿರಲಿ. ವರ್ಷವೇ ತಪ್ಪಿದರೆ, ರಾತ್ರಿಯಲ್ಲೇ ನಿಂತರೆ ಸೆಲ್ಲಿನ ದೋಷ. ಸರಿಯಾಗಿ ಐದೂವರೆ ಗಂಟೆ ತಪ್ಪಿದರೆ ಸೆಲ್ಲಿನದ್ದಲ್ಲ. ವಿಂಡೋಸ್ ಬೋರ್ಡಿನ ಗಡಿಯಾರದಲ್ಲಿ ನಮ್ಮೂರಿನ ಸಮಯ ಇಟ್ಟುಕೊಳ್ತದೆ, ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯ ಇಟ್ಟು ಐದೂವರೆ ಗಂಟೆ ಕೂಡಿಸಿ ತೋರಿಸ್ತದೆ. ಎರಡರ ಲೆಕ್ಕ ಜಗಳಾಡಿದಾಗ ಆ ಅಂತರ ಬರ್ತದೆ. ಲಿನಕ್ಸಿಗೆ ಸ್ಥಳೀಯ ಸಮಯ ಇಟ್ಟುಕೋ ಅಂತ ಒಮ್ಮೆ ಹೇಳಿದರೆ ಮುಗೀತು.

ಮಾಸ್ತರು: ಒಂದು ಮಾತು ಕೇಳ್ತೇನೆ, ಬೇಜಾರು ಮಾಡಬೇಡ. ಎಲ್ಲರೂ ಹೇಳ್ತಾರೆ, ಈ ಹಳೇ ಡಬ್ಬಿ ಎಂತಕ್ಕೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತ. ನೀನೂ ಹಾಗೇ ಹೇಳ್ತೀಯಾ?

ಶಿಷ್ಯೆ: ಇಲ್ಲ. 64 ಬಿಟ್‌ನ ಯಂತ್ರ ಇದು, ಇನ್ನೂ ನಡೀತದೆ. 32 ಬಿಟ್‌ನದ್ದಾಗಿದ್ದರೆ ಕಷ್ಟ ಇತ್ತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಲಿನಕ್ಸನ್ನು ಅಂಥ ಯಂತ್ರಗಳಿಗೆ ಹೊಸದಾಗಿ ಹಾಕಲಿಕ್ಕೆ ಬರೋದಿಲ್ಲ. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲವೂ ಮುಗೀತು. ವಿಂಡೋಸ್ 11 ಹತ್ತದ ಎಷ್ಟೋ ಯಂತ್ರಗಳು ನಮ್ಮ ಊರುಗಳಲ್ಲಿ ಇವೆ. ಅವುಗಳ ಒಡೆಯರು ಬದಿಗೆ ಒಂದು ಲಿನಕ್ಸ್ ಹಾಕಿಸಿಕೊಳ್ತಾ ಇದ್ದಾರೆ. ಹಾಗಾಗಿ ಈ ದಣಪೆಯ ಜಗಳ ಇನ್ನು ಬಹಳ ಮನೆಗಳಲ್ಲಿ ಆಗುವುದಿದೆ. ಯಂತ್ರದ ಬಗ್ಗೆ ನನಗೆ ಚಿಂತೆ ಇಲ್ಲ. ನನ್ನ ಚಿಂತೆ ನಿಮ್ಮ ಪಟ್ಟಿಯದು.

ಮಾಸ್ತರು: ಅದೀಗ ಎರಡು ಪೆನ್ ಡ್ರೈವಿನಲ್ಲಿ ಇದೆಯಲ್ಲ.

ಶಿಷ್ಯೆ: ಇದೆ. ಆದರೆ ಈಗ ನಾನು ಲಿನಕ್ಸಿನಲ್ಲಿ ‘ಮೀನು’ ತೆರೀತೇನೆ, ನೋಡಿ. ಓದಿ.

ಮಾಸ್ತರು: ಇದೆಂತದು? ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. ಒಂದೂ ಓದಲಿಕ್ಕೆ ಬರೋದಿಲ್ಲ.

ಶಿಷ್ಯೆ: ಕಡತ ಕೆಟ್ಟಿಲ್ಲ. ನೀವು ಬರೆದದ್ದು ನುಡಿಯ ಹಳೇ ಆವೃತ್ತಿಯಲ್ಲಿ. ಕನ್ನಡ ಗಣಕ ಪರಿಷತ್ತಿನವರು ಮಾಡಿದ ಆ ತಂತ್ರಾಂಶ ಇಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ಕನ್ನಡ ಕೀಲಿಮಣೆಗೆ ಇಷ್ಟು ಸುಲಭವಾಗಿ ಬರ್ತಿರಲಿಲ್ಲ, ಅದರ ಉಪಕಾರ ದೊಡ್ಡದು. ಆದರೆ ಆಗಿನ ಪದ್ಧತಿಯಲ್ಲಿ ಕಡತದೊಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟು, ಅವಕ್ಕೆ ಕನ್ನಡದ ರೂಪ ಕೊಡ್ತಿದ್ದದ್ದು ಫಾಂಟ್. ಆ ಫಾಂಟ್ ಇಲ್ಲದ ಕಡೆ ತೆರೆದರೆ ಹೀಗೆ. ಫಾಂಟನ್ನು ಇಲ್ಲಿಗೂ ಹಾಕಿದರೆ ಓದಬಹುದು. ಹುಡುಕಲಿಕ್ಕೆ, ಅಕಾರಾದಿಯಲ್ಲಿ ಜೋಡಿಸಲಿಕ್ಕೆ ಆಗೋದಿಲ್ಲ. ನಿಮ್ಮದು ಶಬ್ದಗಳ ಪಟ್ಟಿ, ಅದೇ ಆಗದಿದ್ದರೆ ಹೇಗೆ?

ಮಾಸ್ತರು: ಯೂನಿಕೋಡ್ ಅಂತ ನೀನು ಆಗಲೇ ಹೇಳಿದ್ದೆ. ನಾನೇ ಮುಂದೂಡಿದೆ.

ಶಿಷ್ಯೆ: ಯೂನಿಕೋಡಿನಲ್ಲಿ ಕನ್ನಡಕ್ಕೇ ಅಂತ 128 ಸ್ಥಾನಗಳ ಜಾಗ ಮೀಸಲಿದೆ, 1991ರ ಮೊದಲ ಆವೃತ್ತಿಯಿಂದಲೂ. ಎಕ್ಸ್‌ಪಿಯಲ್ಲೇ ತುಂಗಾ ಅಂತ ಅದರ ಫಾಂಟ್ ಇತ್ತು. ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಇವೆ. ನಿಮ್ಮ ಬೆರಳಿಗೆ ಅಭ್ಯಾಸವಾದ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೇ ಇಲ್ಲೂ ಸಿಗ್ತದೆ, ಹೊಸತಾಗಿ ಕಲಿಯುವುದು ಎಂತದೂ ಇಲ್ಲ. ಹಳೇ ಕಡತಗಳನ್ನು ಪರಿವರ್ತಕಕ್ಕೆ ಕೊಟ್ಟು ಬದಲಿಸುವ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಮಾತ್ರ ನೀವೇ ಕಣ್ಣಿಟ್ಟು ನೋಡಬೇಕು. ಆ ಶಬ್ದಗಳು ನನಗೆ ಗೊತ್ತಿಲ್ಲದವು, ತಪ್ಪಾದರೆ ನನಗೆ ತಿಳಿಯೋದಿಲ್ಲ.

ಮಾಸ್ತರು: ಅದು ನನ್ನ ಕೆಲಸ, ಮಾಡ್ತೇನೆ. ಆದರೆ ಎಕ್ಸ್‌ಪಿಯನ್ನು ತೆಗೀಬೇಡ. ಮೂಲ ಅದರಲ್ಲಿ ಹೇಗೆ ಕಾಣ್ತಿತ್ತು ಅಂತ ತಾಳೆ ನೋಡಲಿಕ್ಕೆ ಬೇಕು.

ಶಿಷ್ಯೆ: ಇರಲಿ, ಇಂಟರ್ನೆಟ್ಟಿಗೆ ಮಾತ್ರ ಹಾಕಬೇಡಿ. ಇನ್ನೊಂದು. ಎರಡೂ ಪೆನ್ ಡ್ರೈವ್ ಇದೇ ಮೇಜಿನ ಖಾನೆಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಸಿಡಿಲು, ತೇವ, ಗೆದ್ದಲು ಎಲ್ಲ ಒಂದೇ ಮನೆಗೆ ಬರುವುದು. ಒಂದು ಪ್ರತಿ ಈ ಮನೆಯ ಹೊರಗೆ ಇರಬೇಕು. ನಾಳೆಗೆ ಅಂತ ಇಡಬೇಡಿ.

ಮಾಸ್ತರು: ನಾಳೆಗೆ ಎಂತಕ್ಕೆ? ಸಂಜೆಯ ಬಸ್ಸಿಗೆ ಹೊನ್ನಾವರಕ್ಕೆ ಹೋಗ್ತೇನೆ. ಮಗಳ ಮನೆಯ ಕಪಾಟಿನಲ್ಲಿ ಇಟ್ಟು ರಾತ್ರಿ ಊಟಕ್ಕೆ ವಾಪಸು ಬರ್ತೇನೆ.